ಗವಿಸಿದ್ದೇಶನ ಕೊರಳು ಮತ್ತು ಎಂಟನೇ ವಾರ್ಡು

ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ತಿರುಗುವವರನ್ನು ಕಂಡರೆ ಗವಿಸಿದ್ದೇಶನಿಗೆ ಆಗುತ್ತಿರಲಿಲ್ಲ. ನಮ್ಮ ಬಳ್ಳಾರಿ ಸೀಮೆಯ ಬೇಸಿಗೆ ಎಂಥದೆಂದು ಬಲ್ಲವರಿಗೆ ಈ ಮಾತಿನ ತೂಕ ತಿಳಿದೀತು. ಊರ ನಾಯಿಗಳು ನೆರಳಿಗಾಗಿ ಬಸ್ಸಿನ ಕೆಳಗೆ ಮಲಗುವ ಕಾಲದಲ್ಲೂ ಅವನು ಕೊರಳಿನವರೆಗೆ ಗುಂಡಿ ಹಾಕಿಕೊಂಡು, ಕಾಲರಿಗೆ ಇಸ್ತ್ರಿ ಹೊಡೆದುಕೊಂಡು, ಕುರುಗೋಡು ಬಜಾರಿನ ತನ್ನ ಟೇಲರ್ ಅಂಗಡಿಯಲ್ಲಿ ಮದುವೆಗೆ ಹೊರಟವನಂತೆ ನಿಂತಿರುತ್ತಿದ್ದ. "ಟೇಲರ್ ಕೊಳ್ಳು ನೋಡಿ ಗಿರಾಕಿ ಬರ್ತಾನ" ಎಂಬುದು ಅವನ ಸಿದ್ಧಾಂತ. ಗಿರಾಕಿಗಳು ಬರುತ್ತಿದ್ದುದು ಅಂಗಡಿಯ ಹಿಂಭಾಗದಲ್ಲಿ ಕುಳಿತು ಹೆಂಗಸರ ಜಂಪರ್ ಹೊಲಿಯುತ್ತಿದ್ದ ಅವನ ಹೆಂಡತಿ ಶಾಂಭವಿಯ ಕೈಗುಣದಿಂದ ಎಂದು ಇಡೀ ಓಣಿಗೆ ಗೊತ್ತಿತ್ತು. ಮದುವೆ ಇನ್ನೂ ಹಳತಾಗಿರಲಿಲ್ಲವಾದ್ದರಿಂದ ಅವಳು ಅದನ್ನು ಗಂಡನಿಗೆ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಆ ಮೇಲಿನ ಗುಂಡಿ ಕಾಜಾ ಮುಟ್ಟಲಿಲ್ಲ.

ಬುದ್ಧಿ ನೆಟ್ಟಗಿರುವ ಮನುಷ್ಯ ಕನ್ನಡಿಯ ಮುಂದೆ ನಿಂತು ತನ್ನ ಕೊರಳು ನೋಡಿಕೊಳ್ಳುತ್ತಾನೆ. ಗವಿಸಿದ್ದೇಶ ಅಂಗಿ ನೋಡಿದ. ಬಟ್ಟೆ ಕುಗ್ಗಿದೆ ಎಂದು ತೀರ್ಪು ಕೊಟ್ಟ. ಇನ್ನೊಂದು ಅಂಗಿ ಹಾಕಿಕೊಂಡ, ಅದೂ ಕುಗ್ಗಿತ್ತು. ಮದುವೆಯ ಅಂಗಿಯೂ ಕುಗ್ಗಿತ್ತು. ಮೊದಲು ಸೋಪಿನ ಮೇಲೆ, ಆಮೇಲೆ ಕಾಲುವೆ ನೀರಿನ ಮೇಲೆ, ಕೊನೆಗೆ ಬಟ್ಟೆ ಒಗೆದ ಶಾಂಭವಿಯ ಮೇಲೆ ಅನುಮಾನ ಬಂತು. ಅವಳು ಸುಮ್ಮನೆ ನೋಡಿದ ಬಗೆಗೆ ಹೆದರಿ ಅನುಮಾನವನ್ನು ತನ್ನ ಹಳೆಯ ಅಳತೆ ಟೇಪಿನ ಮೇಲೆ ವರ್ಗಾಯಿಸಿದ. ಹೊಸ ಟೇಪು ತಂದ. ಅದರ ಮೇಲೂ ಪೂರಾ ನಂಬಿಕೆ ಬಾರದೆ, ಅಂದಿನಿಂದ ಎಲ್ಲರ ಕಾಲರಿಗೂ ಒಂದು ಬೆರಳು ಹೆಚ್ಚು ಬಟ್ಟೆ ಬಿಡತೊಡಗಿದ. ಆ ತಿಂಗಳು ನಮ್ಮ ಎಂಟನೇ ವಾರ್ಡಿನ ಗಂಡಸರೆಲ್ಲ ಯಾರದೋ ಅಂಗಿ ಕೇಳಿ ಹಾಕಿಕೊಂಡು ಬಂದವರಂತೆ ಓಡಾಡುತ್ತಿದ್ದರು.

ಕೊನೆಗೆ ಶಾಂಭವಿಯೇ ಟೇಪು ಹಿಡಿದು ಗಂಡನ ಕೊರಳ ಅಳತೆಗೆ ಬಂದಳು. ಬಂದವಳು ಅಳೆಯಲಿಲ್ಲ, ಚೊಂಬು ಕೈಗೆ ಕೊಟ್ಟಳು.

"ರೀ, ಒಂದ್ ಗುಟುಕು ನೀರು ಕುಡೀರಿ."

ಕುಡಿದ. ಕೊರಳ ಎಡಗಡೆ ನೆಲ್ಲಿಕಾಯಿಯಷ್ಟು ಒಂದು ಗಂಟು ಮೇಲೆ ಹೋಗಿ ಕೆಳಗೆ ಬಂತು.

"ಇನ್ನೊಂದ್ ಗುಟುಕು."

ಮತ್ತೆ ಹೋಗಿ ಬಂತು.

"ಅಂಗಿ ಏನೂ ಸಣ್ಣ ಆಗಿಲ್ಲ ಬಿಡ್ರಿ" ಎಂದಳು ಶಾಂಭವಿ. "ನಿಮ್ಮ ಕೊಳ್ಳಾಗ ಯಾರೋ ಬಂದು ಕುಂತಾರ."

ಮರುದಿನವೇ ಇಬ್ಬರೂ ಬಸ್ ಹತ್ತಿ ಬಳ್ಳಾರಿಗೆ ಹೋದರು. ಸ್ಕ್ಯಾನು ಆಯಿತು, ಮುಂದಿನ ವಾರ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಆಯಿತು, ಅದರ ಮುಂದಿನ ವಾರ ಫಲಿತಾಂಶ ಕೇಳಲು ಹೋದರು. ಡಾಕ್ಟರ್ ನಾಗಲಕ್ಷ್ಮಿ ಗಡಿಯಾಚೆಯ ಕಡೆಯವರು. ಮಾತು ಮೆತ್ತಗೆ, ಮನಸ್ಸು ಗಟ್ಟಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗಲೇ ಶಾಂಭವಿ ಗಂಡನ ಅಂಗಿಯ ತೋಳು ಹಿಡಿದುಕೊಂಡಳು.

"ಇದು ಥೈರಾಯ್ಡ್ ಗಂಟಮ್ಮಾ. ಕ್ಯಾನ್ಸರ್ ಹೌದಾ ಅಂದ್ರೆ ಹೌದು ಅನ್ನಕ್ಕಾಗಲ್ಲ, ಅಲ್ವಾ ಅಂದ್ರೆ ಅಲ್ಲ ಅನ್ನಕ್ಕೂ ಆಗಲ್ಲ. ಸೂಜಿಯಲ್ಲಿ ಇಷ್ಟೇ ತಿಳಿಯೋದು. ಗಂಟಿರೋ ಕಡೆ ಅರ್ಧ ತೆಗೆದು ಪರೀಕ್ಷೆ ಮಾಡಿದ ಮೇಲೇ ಹೇಳಬಹುದು."

ಗವಿಸಿದ್ದೇಶ ಟೇಲರ್. ಬಾಯಲ್ಲಿ ಹೇಳಿದ್ದು ಟೇಪಿನಲ್ಲಿ ಕಾಣಬೇಕು ಅವನಿಗೆ. "ಮೇಡಮ್ಮಾರ, ಒಂದು ಅಂದಾಜಾರ ಹೇಳ್ರಲ್ಲ" ಎಂದ.

"ಬಹಳ ಮಂದಿಗೆ ಏನೂ ಇರಲ್ಲಪ್ಪಾ. ಕೆಲವರಿಗೆ ಇರುತ್ತೆ. ನೀವು ಯಾವ ಕಡೆ ಅಂತ ಈವತ್ತು ನನಗೂ ಗೊತ್ತಿಲ್ಲ. ಭಯ ಬೇಡ, ಇದ್ದರೂ ವಾಸಿಯಾಗೋ ಜಾತಿದೇ."

ಆಪರೇಷನ್ನಿಗೆ ಮುಂದಿನ ತಿಂಗಳ ಒಂದು ದಿನ ಕೊಟ್ಟರು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಬಹಳ ಹೊತ್ತು ಕುಳಿತರು. ಹೌದು ಎಂದಿದ್ದರೆ ಅಳಬಹುದಿತ್ತು, ಅಲ್ಲ ಎಂದಿದ್ದರೆ ಹೋಟೆಲಿಗೆ ಹೋಗಬಹುದಿತ್ತು. ಎರಡೂ ಅಲ್ಲದ ಸುದ್ದಿಗೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಶಾಂಭವಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

"ಬೀಗ್ರು ಬಂದಾರ ಅಂತ ತಿಳ್ಕೊಳ್ಳೋಣ್ರಿ. ಎದಕ ಬಂದೀರಿ ಅಂತ ಕೇಳಾಂಗಿಲ್ಲ, ಯಾವಾಗ ಹೋಗ್ತೀರಿ ಅಂತ ಕೇಳಾಂಗಿಲ್ಲ. ಹೋಗಾಗ ಏನು ತಗೊಂಡು ಹೋಗ್ತಾರ ಅಂತೂ ಗೊತ್ತಾಗಾಂಗಿಲ್ಲ."

"ನಿಮ್ಮಪ್ಪ ಬಂದಂಗ" ಎಂದ ಗವಿಸಿದ್ದೇಶ.

ಇಬ್ಬರೂ ನಕ್ಕರು. ಗೇಟಿನ ವಾಚ್‌ಮನ್ ತಿರುಗಿ ನೋಡುವಷ್ಟು ನಕ್ಕರು. ನಗು ಮುಗಿದಾಗ ಹೆದರಿಕೆ ಇದ್ದಲ್ಲೇ ಇತ್ತು, ಆದರೆ ಬಸ್ ಸ್ಟ್ಯಾಂಡಿನವರೆಗೆ ನಡೆಯುವ ಶಕ್ತಿ ಬಂದಿತ್ತು.

ಗಟ್ಟಿ ಸುದ್ದಿ ಸಿಗುವವರೆಗೆ ಯಾರಿಗೂ ಹೇಳಬಾರದು ಎಂದು ಬಸ್ಸಿನಲ್ಲೇ ತೀರ್ಮಾನವಾಯಿತು. ಯಾರಿಗೂ ಎಂದರೆ ಮುಖ್ಯವಾಗಿ ಅಕ್ಕನಾಗಮ್ಮನಿಗೆ. ಈಕೆ ಗವಿಸಿದ್ದೇಶನ ಸೋದರತ್ತೆ, ತಾಯಿಯಿಲ್ಲದ ಅವನನ್ನು ಬೆಳೆಸಿದವಳು, ಈಗ ಕುಡತಿನಿಯಲ್ಲಿ ಮಗನ ಮನೆಯಲ್ಲಿ ಇರುವವಳು. ಅವಳ ಪ್ರೀತಿಗೆ ಕೊರತೆಯಿರಲಿಲ್ಲ, ಕಣ್ಣೀರಿಗೂ ಇರಲಿಲ್ಲ. ಯಾರಿಗಾದರೂ ನೆಗಡಿ ಎಂದು ಕೇಳಿದರೆ ಸಾಕು, ಅಕ್ಕಪಕ್ಕದವರನ್ನು ಟಂಟಂ ಗಾಡಿ ತುಂಬ ಹತ್ತಿಸಿಕೊಂಡು ನೋಡಲು ಬರುತ್ತಿದ್ದಳು. ಓಣಿಯ ತಿರುವಿನಲ್ಲೇ ರಾಗ ಎತ್ತುತ್ತಿದ್ದಳು. ಒಮ್ಮೆ ಹಲ್ಲು ಕೀಳಿಸಿಕೊಂಡವನೊಬ್ಬ ಅವಳ ಅಳು ಕೇಳಿ, ಡಾಕ್ಟರು ತನ್ನಿಂದ ಏನೋ ಮುಚ್ಚಿಟ್ಟಿದ್ದಾರೆಂದು ಮೂರ್ಛೆ ಹೋಗಿದ್ದ.

ಆದರೆ ಗಂಟು ಎದ್ದು ಕಾಣುತ್ತಿತ್ತು. ಮುಚ್ಚಲು ಶಾಂಭವಿ ಪೆಟ್ಟಿಗೆಯಿಂದ ಒಂದು ಹಸಿರು ಶಾಲು ತೆಗೆದು ಗಂಡನ ಕೊರಳಿಗೆ ಸುತ್ತಿದಳು. ಸಿರುಗುಪ್ಪದ ಭತ್ತದ ಬೆಳೆಗಾರರ ಸಭೆಯೊಂದರಲ್ಲಿ ಅವಳ ಅಪ್ಪನಿಗೆ ಹೊದಿಸಿದ ಶಾಲು ಅದು. ಅವರ ಕಣ್ಣಿಗೆ ಅದು ಬಟ್ಟೆ. ಪುರಸಭೆ ಚುನಾವಣೆಯ ಹೊಸ್ತಿಲಲ್ಲಿ ನಿಂತ ಊರಿನ ಕಣ್ಣಿಗೆ ಶಾಲು ಎಂಬುದು ಬಟ್ಟೆಯಲ್ಲ ಎಂಬುದನ್ನು, ಬಟ್ಟೆಯನ್ನೇ ನಂಬಿ ಬದುಕುವ ಆ ಇಬ್ಬರೂ ಮರೆತಿದ್ದರು.

ಮೊದಲು ನೋಡಿದವನು ಚಹಾದಂಗಡಿಯ ಗಾದೆಪ್ಪ.

"ಏನ್ ಟೇಲರ್ರ, ಹಸಿರು ಶಾಲು? ರೈತರ ಸಂಘ ಸೇರಿದ್ರೇನು?"

"ಇಲ್ಲಪ್ಪ, ಕೊಳ್ಳಿಗೆ ಥಂಡಿ ಆಗೇತಿ."

ಗಾದೆಪ್ಪ ಹೊರಗಿನ ಬಿಸಿಲು ನೋಡಿದ, ತನ್ನ ಬನಿಯನ್ನಿನಿಂದ ಇಳಿಯುತ್ತಿದ್ದ ಬೆವರು ನೋಡಿದ, ಮತ್ತೆ ಶಾಲು ನೋಡಿದ. ಸಂಜೆಯೊಳಗೆ ರೈತರ ಒಂದು ಗುಂಪು ಅಂಗಡಿಗೆ ಬಂದು, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರುತ್ತಿಲ್ಲವೆಂದೂ ಇದರ ಬಗ್ಗೆ ನಾಯಕರು ಮಾತಾಡಬೇಕೆಂದೂ ಕೇಳಿಕೊಂಡಿತು. ಮನೆಯ ಮುಂದಿನ ಕುಂಡದ ಕರಿಬೇವು ಬಿಟ್ಟರೆ ಗವಿಸಿದ್ದೇಶನಿಗೆ ಬೇರೆ ಬೆಳೆಯಿರಲಿಲ್ಲ.

ಹೆದರಿ ಮರುದಿನ ಕೆಂಪು ಶಾಲು ಹಾಕಿಕೊಂಡ. ಮಧ್ಯಾಹ್ನಕ್ಕೆ ಹಮಾಲರ ಸಂಘದ ಎರ್ರೆಪ್ಪ ತನ್ನ ಬಳಗದ ಜೊತೆ ಬಂದು ಕೈ ಕುಲುಕಿದ. ಚೀಲ ಹೊತ್ತು ಹೊತ್ತು ಗಟ್ಟಿಯಾದ ಆ ಕೈಯಿಂದ ಬಿಡಿಸಿಕೊಂಡ ಮೇಲೆ ಅಂದು ಸಂಜೆಯವರೆಗೆ ಟೇಲರ್ ಕತ್ತರಿ ಹಿಡಿಯಲಾಗಲಿಲ್ಲ. "ನಿನ್ನೆ ಹಸಿರು, ಇವತ್ತು ಕೆಂಪು. ರೈತರನ್ನೂ ಕಾರ್ಮಿಕರನ್ನೂ ಒಂದು ಮಾಡಾಕ ಹೊಂಟೀರಿ. ನಾವು ಅದೀವಿ ನಿಮ್ಮ ಹಿಂದ" ಎಂದ ಎರ್ರೆಪ್ಪ.

"ರೀ, ಬಣ್ಣಾನ ಬ್ಯಾಡ" ಎಂದಳು ಶಾಂಭವಿ. ಮೂರನೆಯ ದಿನ ಬಿಳಿ ಶಾಲು ಬಂತು. ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಎಲ್ಲ ಬಣ್ಣಗಳ ಜೊತೆ ಮಾತುಕತೆ ಮುರಿದುಬಿದ್ದು, ಟೇಲರ್ ಗವಿಸಿದ್ದೇಶ ಎಂಟನೇ ವಾರ್ಡಿನಿಂದ ಪಕ್ಷೇತರನಾಗಿ ನಿಲ್ಲುತ್ತಿದ್ದಾನೆ ಎಂದು ಗಾದೆಪ್ಪನ ಚಹಾದಂಗಡಿ ಘೋಷಿಸಿತು.

ವಾರ್ಡಿನ ಹಾಲಿ ಸದಸ್ಯ ಚನ್ನಬಸವರಾಜ ಆ ಸಂಜೆ ಒಂದು ಪೆಟ್ಟಿಗೆ ಪೇಡೆ ಹಿಡಿದುಕೊಂಡು ತಾನೇ ಅಂಗಡಿಗೆ ಬಂದ. ಗೆದ್ದ ಮೇಲೆ ಆ ಓಣಿಗೆ ಅವನು ಬಂದದ್ದು ಅದೇ ಮೊದಲು. ದಾರಿ ತಪ್ಪಿ ಮೊದಲು ಪಕ್ಕದ ಓಣಿಗೆ ಹೋಗಿದ್ದನಂತೆ.

"ಗವಿಸಿದ್ದಪ್ಪ, ನನಗೊಂದು ಮಾತು ಹೇಳಬೇಕಿತ್ತಪ್ಪ ನೀನು."

"ಏನಂತ್ರಿ?"

"ಎಲೆಕ್ಷನ್ನಿಗೆ ನಿಂದ್ರೋದು."

"ಅಯ್ಯ ದೇವರಾಣಿ, ನಾ ಯಾವ ಎಲೆಕ್ಷನ್ನಿಗೂ ನಿಂತಿಲ್ರೀ!"

ಚನ್ನಬಸವರಾಜನ ಮುಖ ಕಪ್ಪಿಟ್ಟಿತು. ಇಪ್ಪತ್ತು ವರ್ಷ ರಾಜಕೀಯ ಮಾಡಿದವನು ಅವನು. ನಿಲ್ಲುವವರೆಲ್ಲ ಮೊದಲು ಹೇಳುವ ಮಾತು ಇದೇ ಎಂದು ಅವನಿಗೆ ಗೊತ್ತಿತ್ತು. ತಾನೂ ದೇವರಾಣೆ ಹಾಕಿಯೇ ಮೊದಲ ಸಲ ನಿಂತಿದ್ದ.

"ಮತ್ತ ವಾರಕ್ಕೊಮ್ಮೆ ಬಳ್ಳಾರಿಗೆ ಯಾಕ ಹೋಗ್ತಿ? ಕಂಕುಳಾಗ ದೊಡ್ಡ ಕವರ್ ಇಟ್ಕೊಂಡು?"

ಕವರಿನಲ್ಲಿದ್ದದ್ದು ಸ್ಕ್ಯಾನು. ಗವಿಸಿದ್ದೇಶ ಹೆಂಡತಿಯ ಕಡೆ ನೋಡಿದ. ಶಾಂಭವಿ ಜಂಪರಿನ ತೋಳು ಜೋಡಿಸುತ್ತ ತಲೆಯೆತ್ತದೆ ಹೇಳಿದಳು: "ಅಲ್ಲಿ ದೊಡ್ಡವರೊಬ್ರು ಅದಾರ್ರಿ. ಅವರು ಏನು ಹೇಳ್ತಾರ ಅದರ ಮ್ಯಾಲ ನಮ್ಮ ಮುಂದಿನ ವಿಚಾರ."

ಪಾಪ, ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚನ್ನಬಸವರಾಜ ಪೇಡೆಯ ಪೆಟ್ಟಿಗೆ ಅಲ್ಲೇ ಬಿಟ್ಟು ಹೋದ. ಮರುದಿನ ಬೆಳಿಗ್ಗೆ ಪುರಸಭೆಯವರು ಬಂದು ಅಂಗಡಿಯ ಮುಂದಿನ ಚರಂಡಿ ಬಳಿದರು. ಅದರ ಮರುದಿನ ಓಣಿಯ ಕಂಬಕ್ಕೆ ಹೊಸ ದೀಪ ಬಂತು. ಓಣಿಯವರು ಆ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಿಲ್ಲುವ ಮೊದಲೇ ಇಷ್ಟು ಮಾಡಿಸಿದವನು ಗೆದ್ದರೆ ಏನು ಮಾಡಿಯಾನು ಎಂದು ಬೆರಗಾದರು.

"ಬೀಗ್ರ ಕಾಲ್ಗುಣ ನೋಡ್ರಿ" ಎಂದಳು ಶಾಂಭವಿ. "ಇನ್ನೊಂದ್ ಸ್ವಲ್ಪ ದಿನ ಇದ್ರ ಬೋರ್‌ವೆಲ್ಲೂ ಹಾಕಿಸ್ತಾರ."

ಹೀಗೆ ಓಣಿ ಖುಷಿಯಾಗಿತ್ತು. ಆದರೆ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಗವಿಸಿದ್ದೇಶ ಹೆಂಡತಿಯನ್ನು ಮುಂದಕ್ಕೆ ಕರೆದು, ಪ್ಯಾಂಟಿನ ಬಟ್ಟೆ ಹಾಸಿ, ಗಂಡಸರ ಪ್ಯಾಂಟು ಕತ್ತರಿಸುವುದು ಹೇಗೆಂದು ತೋರಿಸತೊಡಗಿದ. ಸೀಟಿಗೆ ಎಷ್ಟು ಬಿಡಬೇಕು, ಮಂಡಿಯಲ್ಲಿ ಎಷ್ಟು ಹಿಡಿಯಬೇಕು, ಎಲ್ಲ.

"ನನಗ್ಯಾಕ್ರಿ ಇದು? ನೀವು ಅದೀರಲ್ಲ."

"ಸುಮ್ನ ಕಲ್ತಿರು."

ಶಾಂಭವಿ ಕಲಿತಳು. ಆಮೇಲೆ ಹಿಂದೆ ಹೋಗಿ ತನ್ನ ಮಷಿನ್ನಿನ ಮುಂದೆ ಕುಳಿತು ಬಹಳ ಹೊತ್ತು ತುಳಿದಳು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಆ ಸದ್ದು ಗವಿಸಿದ್ದೇಶನಿಗೆ ಕೇಳುತ್ತಿತ್ತು, ಖಾಲಿ ಮಷಿನ್ನಿನ ಸದ್ದು ಯಾವುದೆಂದು ಅವನಿಗೆ ತಿಳಿಯುತ್ತಿತ್ತು. ಅವಳನ್ನು ಒಬ್ಬಳನ್ನೇ ಬಿಟ್ಟು ಹೋಗಬೇಕಾದೀತು ಎಂಬ ಭಯ ಅವನಿಗೆ ಅಂದು ಮೊದಲ ಬಾರಿ ಪೂರಾ ಬಂತು. ಎದ್ದು ಹೋಗಿ ಏನಾದರೂ ಹೇಳಬೇಕೆಂದುಕೊಂಡ. ಆಗಲೇ ಹೊರಗೆ ತಮಟೆ ಸದ್ದಾಯಿತು.

ಸಿರುಗುಪ್ಪದಿಂದ ಮಾವ ಗಾದಿಲಿಂಗಪ್ಪ ಬಂದಿದ್ದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಗಾದಿಲಿಂಗಪ್ಪನವರು ಒಂದು ಕಾಲದಲ್ಲಿ ಸೊಸೈಟಿ ಚುನಾವಣೆಗೆ ನಿಂತು ಸೋತವರು. ಸೋತದ್ದಕ್ಕಿಂತ ಅವರಿಗೆ ಬೇಜಾರಾದದ್ದು ತಂದಿಟ್ಟುಕೊಂಡಿದ್ದ ಹಾರ ಬಾಡಿದ್ದು. ಆ ಸೇಡನ್ನು ಅಳಿಯ ತೀರಿಸುತ್ತಾನೆಂದು ತಿಳಿದು, ಕೆಂಚನಗುಡ್ಡದ ಹೊಳೆದಂಡೆಯ ಶಿವನಿಗೆ ಕಾಯಿ ಒಡೆಸಿ, ನೆಟ್ಟಗೆ ಬಂದಿದ್ದರು.

"ಅಳಿಯಂದ್ರ, ನನಗ ಹೇಳಲಿಲ್ಲ ಅಂತ ಸಿಟ್ಟಿಲ್ಲ. ಎಲೆಕ್ಷನ್ ಅಂದ್ರ ಗುಟ್ಟು ಇರಬೇಕು. ನೀವು ಸುಮ್ನ ಕುಂದ್ರಿ, ನಾ ನೋಡ್ಕೊಂತೀನಿ!"

"ಮಾವ, ಅದು ಹಂಗಲ್ರೀ..."

"ಅಷ್ಟ! ಹಿಂಗ ಅನ್ಕೊಂತನ ಇರ್ರಿ!"

ಅವರ ಹಿಂದೆಯೇ ಕುಡತಿನಿಯಿಂದ ಅಕ್ಕನಾಗಮ್ಮ ಇಳಿದಳು. ಯಾರಿಗೆ ತಿಳಿಯಬಾರದೆಂದು ಇಷ್ಟೆಲ್ಲ ನಡೆದಿತ್ತೋ ಅವಳು ಬಂದದ್ದೂ ಆಯಿತು, ಅತ್ತದ್ದೂ ಆಯಿತು. ಮನೆಮನೆಗೆ ಹೋಗಿ, ಹೊಸ್ತಿಲಲ್ಲಿ ಕುಳಿತು, "ತಾಯಿಲ್ಲದ ಕೂಸ್ರವ್ವ, ನನ್ನ ಕೈಯಾಗ ಬೆಳೆದೈತಿ, ಒಂದೊಂದು ವೋಟು ಹಾಕ್ರವ್ವ" ಎಂದು ಸೆರಗು ಒದ್ದೆ ಮಾಡಿದಳು. ಕೇಳಿದ ಹೆಂಗಸರೂ ಅತ್ತರು. ಆ ವಾರ ಎಂಟನೇ ವಾರ್ಡಿನಲ್ಲಿ ಒಣಗಿದ ಕಣ್ಣು ಇರಲಿಲ್ಲ. ಓಣಿಗೆ ಗೊತ್ತಿದ್ದಂತೆ ಯಾರಿಗೂ ಏನೂ ಆಗಿರಲಿಲ್ಲ.

ಹೇಳಿಬಿಡೋಣ ಎಂದು ಗಂಡ ಹೆಂಡತಿ ದಿನಾ ಅಂದುಕೊಳ್ಳುತ್ತಿದ್ದರು. ಆದರೆ ಗಾದಿಲಿಂಗಪ್ಪನವರು ಅಷ್ಟು ಸಂತೋಷವಾಗಿ ಓಡಾಡಿದ್ದನ್ನು ಮಗಳು ಎಂದೂ ನೋಡಿರಲಿಲ್ಲ. ಇವತ್ತೊಂದು ದಿನ ಇರಲಿ ಎಂದುಕೊಳ್ಳುತ್ತ ಆಪರೇಷನ್ನಿನ ದಿನ ಬಂದೇಬಿಟ್ಟಿತು.

ನಾಮಪತ್ರ ಹಾಕಲು ಕೊನೆಯ ದಿನವೂ ಅದೇ ಆಗಿತ್ತು. ಗಂಡ ಹೆಂಡತಿ ಬೆಳಗಿನ ಮೊದಲ ಬಸ್ಸಿಗೆ ಸದ್ದಿಲ್ಲದೆ ಬಳ್ಳಾರಿಗೆ ಹೊರಟದ್ದನ್ನು ಗಾದೆಪ್ಪ ನೋಡಿದ. ದೊಡ್ಡವರ ಆಶೀರ್ವಾದ ತೆಗೆದುಕೊಂಡು ಬಂದು ನಾಮಪತ್ರ ಹಾಕುತ್ತಾರೆಂದು ಊರು ಲೆಕ್ಕ ಹಾಕಿತು. ಗಾದಿಲಿಂಗಪ್ಪನವರು ಅಳಿಯನನ್ನು ಮೆರವಣಿಗೆಯಲ್ಲಿ ಕರೆತರಲು ಟಂಟಂಗಳನ್ನು ಕರೆಸಿದರು. ರೈತರು ಹತ್ತಿದರು, ಹಮಾಲರು ಹತ್ತಿದರು, ಅಕ್ಕನಾಗಮ್ಮ ಹತ್ತಿದಳು, ತಮಟೆಯವರು ಹತ್ತಿದರು. ಆ ದೊಡ್ಡವರು ಯಾರೆಂದು ಕಣ್ಣಾರೆ ನೋಡಲೇಬೇಕೆಂದು ಚನ್ನಬಸವರಾಜ ತನ್ನ ಕಾರಿನಲ್ಲಿ ಹಿಂಬಾಲಿಸಿದ.

ಬಳ್ಳಾರಿಯಲ್ಲಿ ಬಸ್ಸಿಳಿದ ದಂಪತಿಗಳ ಆಟೋ ಕೋಟೆ ಗುಡ್ಡದ ಕಡೆ ತಿರುಗಿ ಆಸ್ಪತ್ರೆಯ ಗೇಟಿನೊಳಗೆ ಹೋಯಿತು. ದಾರಿಯಲ್ಲೇ ಬಸ್ಸಿನ ಬೆನ್ನು ಹಿಡಿದು ಬಂದಿದ್ದ ಮೆರವಣಿಗೆ ಗೇಟಿನ ಮುಂದೆ ಗೊಂದಲದಲ್ಲಿ ಬಹಳ ಹೊತ್ತು ನಿಂತಿತು.

"ದೊಡ್ಡವರು ಅಡ್ಮಿಟ್ ಆಗ್ಯಾರ ಕಾಣ್ತೈತಿ" ಎಂದ ಎರ್ರೆಪ್ಪ.

"ನೋಡ್ರಿ ನಮ್ಮ ಅಳಿಯನ ಬುದ್ಧಿ!" ಎಂದರು ಗಾದಿಲಿಂಗಪ್ಪ. "ಹಾಸಿಗಿ ಹಿಡಿದಾಗ ಹೋಗಿ ಕಂಡ್ರ ಯಾರೂ ಇಲ್ಲ ಅನ್ನಂಗಿಲ್ಲ."

ತಮಟೆಗೆ ವಾಚ್‌ಮನ್ ಅಡ್ಡಬಂದ. ಹಾರಕ್ಕೆ ಅಡ್ಡಬರಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾರ ಹಿಡಿದುಕೊಂಡು ಎಲ್ಲರೂ ಮಹಡಿ ಹತ್ತಿದರು, ಟೇಲರ್ ಹೋದ ಕೋಣೆ ಯಾವುದೆಂದು ಕೇಳಿಕೊಂಡು ಬಾಗಿಲು ತಳ್ಳಿದರು.

ಮಂಚದ ಮೇಲೆ ಗವಿಸಿದ್ದೇಶ ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು ಕುಳಿತಿದ್ದ.

"ಹಸಿರಿಗೇ ಬಂದ್ರು!" ಎಂದು ಹಿಂದಿನಿಂದ ಒಬ್ಬ ರೈತ ಕೂಗಿದ. ಯಾರೂ ದನಿಗೂಡಿಸಲಿಲ್ಲ. ಮುಂದಿದ್ದವರಿಗೆಲ್ಲ ಕೊರಳು ಕಾಣುತ್ತಿತ್ತು. ಶಾಲು ಇರಲಿಲ್ಲ. ಗಂಟಿನ ಮೇಲೆ ಡಾಕ್ಟರು ಪೆನ್ನಿನಿಂದ ಗೆರೆ ಎಳೆದಿದ್ದರು.

ಶಾಂಭವಿ ಎದ್ದು ನಿಂತಳು. ಅಷ್ಟು ದಿನ ಎಲ್ಲದಕ್ಕೂ ಒಂದು ತಮಾಷೆಯ ಮಾತು ಇಟ್ಟುಕೊಂಡಿದ್ದವಳಿಗೆ ಆಗ ಯಾವುದೂ ಸಿಗಲಿಲ್ಲ.

"ಎಲೆಕ್ಷನ್ ಅಲ್ಲಪ್ಪ. ಕೊಳ್ಳಾಗ ಗಂಟು ಐತಿ. ಕ್ಯಾನ್ಸರ್ ಹೌದೋ ಅಲ್ಲೋ ಡಾಕ್ಟ್ರಿಗೂ ಗೊತ್ತಿಲ್ಲ. ಇವತ್ತು ತೆಗಿತಾರ. ಅದನ್ನ ಮುಚ್ಚಾಕ ಶಾಲು ಹಾಕಿದ್ವಿ."

ಗಾದಿಲಿಂಗಪ್ಪನವರ ಕೈಯ ಹಾರ ನೆಲ ಮುಟ್ಟಿತು. ಎರ್ರೆಪ್ಪ ತಲೆಯ ಟವೆಲ್ ತೆಗೆದ. ಅಕ್ಕನಾಗಮ್ಮ ಬಾಯಿ ತೆರೆದಳು. ಆ ಬಾಯಿ ತೆರೆದರೆ ಏನಾಗುತ್ತದೆಂದು ಬಲ್ಲವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಆಗಲೇ ನರ್ಸ್ ಬಂದು, ಮೈಮೇಲೆ ಇರುವುದನ್ನೆಲ್ಲ ತೆಗೆದು ಕೊಡಿ, ಕೊರಳ ಆಪರೇಷನ್ನು, ದಾರ ಕೂಡ ಇರಬಾರದು ಎಂದಳು.

ಗವಿಸಿದ್ದೇಶನ ಎದೆಯ ಮೇಲೆ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರಲ್ಲಿ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಒಂದು ದಿನವೂ ಮೈ ಬಿಟ್ಟಿರಲಿಲ್ಲ. ಅದನ್ನು ತೆಗೆದು ಒಮ್ಮೆ ಕಣ್ಣಿಗೊತ್ತಿಕೊಂಡ. ಶಾಂಭವಿ ಇಸಿದುಕೊಂಡಳು. ಒಂದು ಗಳಿಗೆ ಯೋಚಿಸಿ, ಕರಡಿಗೆಯಿಂದ ಲಿಂಗ ತೆಗೆದು, ಅಕ್ಕನಾಗಮ್ಮನ ಎಡ ಅಂಗೈಯಲ್ಲಿ ಇಟ್ಟಳು.

"ಅತ್ಯಾರ, ಅವರು ಬರೋಮಟ ನೀವ ಹಿಡಕೊಂಡು ಕುಂದ್ರಬೇಕು. ಅವರ ಜೀವ ನಿಮ್ಮ ಕೈಯಾಗ ಐತಿ ಅಂತ ತಿಳ್ಕೊಳ್ರಿ."

ಅಂಗೈಯಲ್ಲಿ ಲಿಂಗ ಇರುವಾಗ ಮಾತಾಡಬಾರದು, ಕಣ್ಣು ಬೇರೆ ಕಡೆ ಹೋಗಬಾರದು ಎಂದು ಅಕ್ಕನಾಗಮ್ಮ ಚಿಕ್ಕಂದಿನಿಂದ ನಡೆಸಿಕೊಂಡು ಬಂದವಳು. ತೆರೆದ ಬಾಯಿ ಮುಚ್ಚಿತು. ಕಾರಿಡಾರಿನ ಬೆಂಚಿನ ಮೇಲೆ ನೆಟ್ಟಗೆ ಕುಳಿತು ಅಂಗೈಯನ್ನೇ ನೋಡುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಸದ್ದು ಇರಲಿಲ್ಲ. ಅವಳು ಸದ್ದಿಲ್ಲದೆ ಅತ್ತದ್ದನ್ನು ನೋಡಿದ ಮೇಲೆ ಉಳಿದವರಿಗೂ ಸುಮ್ಮನಿರುವುದು ಸಾಧ್ಯವಾಯಿತು.

ಹಮಾಲರು ಸ್ಟ್ರೆಚರಿನವನನ್ನು ಪಕ್ಕಕ್ಕೆ ಸರಿಸಿ ತಾವೇ ಗವಿಸಿದ್ದೇಶನನ್ನು ಆಪರೇಷನ್ ಕೋಣೆಯವರೆಗೆ ತಳ್ಳಿಕೊಂಡು ಹೋದರು. ಒಂದು ಕಡೆಯೂ ಕುಲುಕಲಿಲ್ಲ. ಬಾಗಿಲ ಬಳಿ ಎರ್ರೆಪ್ಪ ನರ್ಸಿಗೆ, "ಒಳಗೂ ನಾವ ಬರ್ತೀವ್ರಿ, ನೀವು ಯಾಕ ತ್ರಾಸ ತಗೋತೀರಿ" ಎಂದ. ಬಾಗಿಲು ಹಾಕಿಕೊಂಡಿತು.

ಚನ್ನಬಸವರಾಜನ ವಿಷಯ ಹೇಳಲೇಬೇಕು. ಎದುರಾಳಿ ಇಲ್ಲವೆಂದು ತಿಳಿದ ಕೂಡಲೇ ಅವನ ಮುಖದಲ್ಲಿ ಒಂದು ಸಮಾಧಾನ ಬಂದದ್ದು ನಿಜ. ಅದು ಬಂದದ್ದು ಅವನಿಗೇ ಗೊತ್ತಾಗಿ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ. ಶಾಂಭವಿ ನೋಡಿದ್ದಳು. ಅವನು ತಲೆ ತಗ್ಗಿಸಿಕೊಂಡು ಕೆಳಗೆ ಹೋದ. ಮನೆಗೆ ಹೋದನೆಂದೇ ಎಲ್ಲರೂ ತಿಳಿದರು. ಸ್ವಲ್ಪ ಹೊತ್ತಿಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು, ನರ್ಸಿನ ಕೈಯಿಂದ ಇಸಿದುಕೊಂಡಿದ್ದ ಚೀಟಿಯ ಔಷಧಿಯನ್ನೆಲ್ಲ ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಅಷ್ಟು ವರ್ಷಗಳಲ್ಲಿ ಅವನು ಸಾಲಿನಲ್ಲಿ ನಿಂತದ್ದನ್ನು ವಾರ್ಡಿನವರು ನೋಡಿರಲಿಲ್ಲ.

ಗವಿಸಿದ್ದೇಶ ಹೊರಗೆ ಬಂದ. ಕೊರಳಿಗೆ ಬಿಳಿ ಪಟ್ಟಿ. ಅಕ್ಕನಾಗಮ್ಮ ಲಿಂಗವನ್ನು ಅವನ ಅಂಗೈಗೆ ಮುಟ್ಟಿಸಿ, ಕರಡಿಗೆಯಲ್ಲಿಟ್ಟು, ಸೊಸೆಯ ಕೈಗೆ ಕೊಟ್ಟು, ಸೀದಾ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತಳು. ವಾಚ್‌ಮನ್ ಓಡಿಬಂದು ಯಾರು ಹೋದರೆಂದು ಕೇಳಿದ. "ಯಾರೂ ಹೋಗಿಲ್ಲಪ್ಪ, ಬಂದಾನ" ಎಂದಳು.

ಪರೀಕ್ಷೆಯ ಫಲಿತಾಂಶಕ್ಕೆ ಇನ್ನೂ ಕಾಯಬೇಕಿತ್ತು. ಗವಿಸಿದ್ದೇಶನ ದನಿ ಒಡೆದು ಪಿಸುಮಾತಾಗಿತ್ತು. ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ, ಅಲ್ಲಿಯವರೆಗೆ ಮಾತು ಕಡಿಮೆ ಎಂದಿದ್ದರು. ಕುರುಗೋಡಿಗೆ ಬಂದ ಮೇಲೆ ಮನೆಗೆ ಜನ ಬಂದರು, ಕುಳಿತರು, ಎದ್ದು ಹೋದರು. ಯಾರೂ ಗಂಟಿನ ಮಾತು ಎತ್ತಲಿಲ್ಲ. ರೈತರು ಅಕ್ಕಿ ತಂದಿಟ್ಟರು. ಗಾದೆಪ್ಪ ದಿನಾ ಬಿಸಿ ಹಾಲು ಕಳಿಸಿದ. ಎರ್ರೆಪ್ಪನ ಬಳಗದವರು ಇದ್ದ ಪ್ಯಾಂಟುಗಳನ್ನೆಲ್ಲ ತಂದು ಶಾಂಭವಿಯ ಮುಂದೆ ಸುರಿದು, ಉದ್ದ ಮಾಡು, ಗಿಡ್ಡ ಮಾಡು, ಏನಾದರೂ ಮಾಡು ಎಂದರು. ಹೊಲಿಗೆಯಲ್ಲಿ ಮುಳುಗಿದರೆ ಅವಳು ಯೋಚಿಸುವುದಿಲ್ಲ ಎಂದು ಅವರ ಲೆಕ್ಕ. ಅವಳು ಹೊಲಿಯುತ್ತಲೇ ಯೋಚಿಸಿದಳು. ಆದರೂ ಹೊಲಿದಳು.

ಡಾಕ್ಟರು ಬರಹೇಳಿದ ದಿನ ಇಬ್ಬರೇ ಹೋಗಬೇಕೆಂದುಕೊಂಡಿದ್ದರು. ಬಸ್ ಸ್ಟ್ಯಾಂಡಿಗೆ ಬಂದು ನೋಡಿದರೆ ಟಂಟಂಗಳು ನಿಂತಿದ್ದವು. ತಮಟೆ ಇರಲಿಲ್ಲ, ಹಾರ ಇರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ. ಚನ್ನಬಸವರಾಜ ಕಾರಿನ ಬಾಗಿಲು ತೆಗೆದು, "ಹತ್ತವ್ವ, ಬಸ್ಸಿನಾಗ ಕುಲುಕ್ತೈತಿ" ಎಂದ.

ಡಾಕ್ಟರ್ ನಾಗಲಕ್ಷ್ಮಿ ಅಂದು ಕನ್ನಡಕ ತೆಗೆಯಲಿಲ್ಲ.

"ಇತ್ತಮ್ಮಾ" ಎಂದರು.

ಶಾಂಭವಿಗೆ ಕೋಣೆಯ ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

"ಇತ್ತು ಅಂತ ಹೇಳಿದೆ. ಇದೆ ಅಂತ ಹೇಳಲಿಲ್ಲ. ಸಣ್ಣದು, ತನ್ನ ಪೊರೆಯೊಳಗೇ ಇತ್ತು, ಪೊರೆ ದಾಟಿ ಎಲ್ಲೂ ಹರಡಿರಲಿಲ್ಲ. ಪೂರಾ ತೆಗೆದಿದ್ದೀವಿ. ಇನ್ನೇನೂ ಬೇಡ, ಆಗಾಗ ಬಂದು ತೋರಿಸ್ಕೊಂಡು ಹೋಗಬೇಕು, ಅಷ್ಟೇ."

ಶಾಂಭವಿ ಏನೋ ಹೇಳಲು ಹೋದಳು. ಬೀಗರ ಮಾತೇ ಇರಬೇಕು. ತಿಂಗಳಿಡೀ ಗಂಡನನ್ನು ನಗಿಸಿದವಳು ಡಾಕ್ಟರ ಮೇಜಿಗೆ ಹಣೆ ಹಚ್ಚಿ, ಹೆಗಲು ಕುಣಿಯುವಂತೆ ಅಳತೊಡಗಿದಳು. ಗವಿಸಿದ್ದೇಶ ಅವಳ ಬೆನ್ನ ಮೇಲೆ ಕೈಯಿಟ್ಟ. ಒಡೆದ ದನಿಯಲ್ಲಿ ಡಾಕ್ಟರನ್ನು ಕೇಳಿದ.

"ಮೇಡಮ್ಮಾರ, ಇದಕ್ಕೇನಾರ ಗುಳಿಗಿ ಐತೇನ್ರಿ?"

"ಇದಕ್ಕಿಲ್ಲಪ್ಪಾ" ಎಂದರು ಡಾಕ್ಟರು. ಅವರ ಕಣ್ಣೂ ನಗುತ್ತಿತ್ತು. "ಹೊರಗೆ ಕರ್ಕೊಂಡು ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಿಸಿ."

ಹೊರಗಿನ ಮೆಟ್ಟಿಲುಗಳ ಕೆಳಗೆ ಎಂಟನೇ ವಾರ್ಡು ಬಿಸಿಲಿನಲ್ಲಿ ನಿಂತಿತ್ತು. ಗಾದಿಲಿಂಗಪ್ಪ, ಅಕ್ಕನಾಗಮ್ಮ, ಗಾದೆಪ್ಪ, ಎರ್ರೆಪ್ಪ, ರೈತರು, ಹಮಾಲರು, ಒಂದು ಪಕ್ಕಕ್ಕೆ ಚನ್ನಬಸವರಾಜ. ಮಗಳ ಕೆಂಪು ಕಣ್ಣು ನೋಡಿ ಗಾದಿಲಿಂಗಪ್ಪ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ಗವಿಸಿದ್ದೇಶ ಹೇಳಲು ಬಾಯಿ ತೆರೆದ. ಪಿಸುಮಾತು ಮೊದಲ ಸಾಲಿಗೂ ಕೇಳಲಿಲ್ಲ.

"ಏನಂತ?" ಎಂದು ಹಿಂದಿನವರು ಕೂಗಿದರು.

ಶಾಂಭವಿ ಮೂಗು ಒರೆಸಿಕೊಂಡು ಗಟ್ಟಿಯಾಗಿ ಹೇಳಿದಳು: "ಇತ್ತಂತ! ಈಗಿಲ್ಲಂತ!"

ಗದ್ದಲ ಎದ್ದಿತು, ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಾಗಲಿಲ್ಲ. ಅದರ ನಡುವೆ ಗವಿಸಿದ್ದೇಶ ಮೆಟ್ಟಿಲು ಇಳಿದು ಬಂದ. ದ‌ನಿ ಇಲ್ಲದ ಮನುಷ್ಯನಿಗೆ ಬೇರೆ ದಾರಿ ಇರಲಿಲ್ಲ, ಎರಡೂ ಕೈ ಜೋಡಿಸಿದ. ಒಬ್ಬೊಬ್ಬರ ಮುಂದೆ ನಿಂತು, ಒಬ್ಬೊಬ್ಬರ ಮುಖ ನೋಡಿ, ಕೈ ಮುಗಿಯುತ್ತ ಹೋದ. ಎರ್ರೆಪ್ಪನಿಗೆ, ಗಾದೆಪ್ಪನಿಗೆ, ಹೆಸರು ಗೊತ್ತಿಲ್ಲದ ರೈತರಿಗೆ, ಟಂಟಂ ಓಡಿಸಿದವರಿಗೆ, ಚನ್ನಬಸವರಾಜನಿಗೆ. ಚುನಾವಣೆ ಹತ್ತಿರವಾದಾಗಲೆಲ್ಲ ಮನೆಬಾಗಿಲಿಗೆ ಬಂದು ಕೈ ಮುಗಿಯುವವರನ್ನು ನಾವು ಬಹಳ ನೋಡಿದ್ದೇವೆ. ಏನೂ ಕೇಳದೆ ಕೈ ಮುಗಿದವನನ್ನು ನೋಡಿದ್ದು ಅದೇ ಮೊದಲು. ಎಂಟನೇ ವಾರ್ಡಿನವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡು, ತಾವೂ ಕೈ ಮುಗಿದು ನಿಂತರು.